ಕರಾರಿನ ಉಲ್ಲಂಘನೆಯೂ ದಂಡನೀಯ ಅಪರಾಧವೂ: ಜಾಲತಾಣಗಳ ಬಳಕೆಯ ಷರತ್ತುಗಳನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಒಬ್ಬನು ಮತ್ತೊಬ್ಬನೊಡನೆ ಮಾಡಿಕೊಂಡ ಕರಾರನ್ನು ಮುರಿದರೆ, ನಷ್ಟಕ್ಕೊಳಗಾದವನು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಪರಿಹಾರವನ್ನು ಕೇಳಬಹುದು. ಇದು ಸರ್ವವಿದಿತವಾದ ನಿಯಮ. ಆದರೆ ಕರಾರು ಮುರಿದ ಮಾತ್ರಕ್ಕೆ ಅವನನ್ನು ಅಪರಾಧಿಯೆಂದು ಎಣಿಸಿ ರಾಜ್ಯವೇ ಸೆರೆಮನೆಗೆ ಕಳುಹಿಸಬಹುದೆ ಎಂಬ ಪ್ರಶ್ನೆಗೆ ಚರಿತ್ರೆಯಲ್ಲಿ ಎಲ್ಲ ಕಾಲಕ್ಕೂ ಒಂದೇ ಉತ್ತರ ದೊರೆತಿಲ್ಲ. ಈ ಹಳೆಯ ಪ್ರಶ್ನೆಯು ನಮ್ಮ ಕಾಲದಲ್ಲಿ ಹೊಸ ವೇಷದಿಂದ ಮತ್ತೆ ಕಾಣಿಸಿಕೊಂಡಿದೆ. ಜಾಲತಾಣವೊಂದರಲ್ಲಿ ಖಾತೆಯನ್ನು ತೆರೆಯುವಾಗ, ಅದರ ಒಡೆಯರು ಬರೆದಿಟ್ಟ ದೀರ್ಘವಾದ ಷರತ್ತುಗಳಿಗೆ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನೊತ್ತಿ ನಾವು ಸಮ್ಮತಿಸುತ್ತೇವೆ. ಅವನ್ನು ಪೂರ್ಣವಾಗಿ ಓದುವವರು ವಿರಳ. ಆ ಷರತ್ತುಗಳಲ್ಲಿ ಒಂದನ್ನು ಮೀರಿದರೆ ಅದು ಅಪರಾಧವಾಗುವುದೆ? ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೪ರಿಂದ ೨೦೨೨ರವರೆಗೆ ಈ ಪ್ರಶ್ನೆಯು ನಡೆದುಬಂದ ಹಾದಿಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ. ಯಾವುದು ಅಪರಾಧವೆಂದು ಗೊತ್ತುಮಾಡುವ ಅಧಿಕಾರವು ಶಾಸನಸಭೆಗೆ ಸೇರಿದುದೋ, ಕರಾರಿನ ಕರಡನ್ನು ಬರೆದ ಖಾಸಗಿ ಪಕ್ಷಕ್ಕೆ ಸೇರಿದುದೋ ಎಂಬುದೇ ಈ ಚರಿತ್ರೆಯ ತಿರುಳೆಂದು ನಾವು ಭಾವಿಸುತ್ತೇವೆ.

೧. ಪೂರ್ವಪೀಠಿಕೆ

ಮೊದಲಿಗೆ ನಮ್ಮ ದೇಶದ ಅನುಭವವೊಂದನ್ನು ನೆನೆಯುವುದು ಉಚಿತ. ಮೆಕಾಲೆಯ ನೇತೃತ್ವದ ಕಾನೂನು ಆಯೋಗವು ೧೮೩೭ರಲ್ಲಿ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸಿದಾಗ, ಕೇವಲ ಕರಾರಿನ ಉಲ್ಲಂಘನೆಯು ಸಾಮಾನ್ಯವಾಗಿ ಅಪರಾಧವಾಗಬಾರದು, ಸಿವಿಲ್ ದಾವೆಗೆ ಮಾತ್ರ ವಿಷಯವಾಗಬೇಕು ಎಂಬ ತತ್ತ್ವವನ್ನು ಅಂಗೀಕರಿಸಿ, ಕೆಲವು ಸೇವಾಕರಾರುಗಳನ್ನು ಮಾತ್ರ ಅಪವಾದವಾಗಿ ಇರಿಸಿಕೊಂಡಿತು. ೧೮೬೦ರ ಭಾರತ ದಂಡಸಂಹಿತೆಯ ೪೯೦, ೪೯೧ ಮತ್ತು ೪೯೨ನೆಯ ಕಲಮುಗಳು ಈ ಅಪವಾದಗಳ ರೂಪಗಳು.

ಆದರೆ ಸಂಹಿತೆ ಬರುವುದಕ್ಕೆ ಒಂದು ವರ್ಷ ಮೊದಲೇ, ೧೮೫೯ರ ೧೩ನೆಯ ಅಧಿನಿಯಮವು ಬೇರೊಂದು ದಾರಿಯನ್ನು ತೆರೆದಿತ್ತು. ಮುಂಗಡ ಹಣ ಪಡೆದ ಕುಶಲಕರ್ಮಿಯಾಗಲಿ ಕೂಲಿಯಾಗಲಿ ಕೆಲಸಕ್ಕೆ ಬಾರದಿದ್ದರೆ, ಮ್ಯಾಜಿಸ್ಟ್ರೇಟನು ಹಣವನ್ನು ಹಿಂದಿರುಗಿಸುವಂತೆ ಅಥವಾ ಕೆಲಸವನ್ನು ಪೂರೈಸುವಂತೆ ಆಜ್ಞೆಮಾಡಬಹುದಾಗಿತ್ತು. ಆಜ್ಞೆಗೆ ತಪ್ಪಿದವನಿಗೆ ಮೂರು ತಿಂಗಳವರೆಗೆ ಕಠಿಣ ಶಿಕ್ಷೆ. ಪೀಠಿಕೆಯಲ್ಲಿ ಕಲ್ಕತ್ತ, ಮದರಾಸು, ಮುಂಬಯಿ ನಗರಗಳ ವಂಚಕ ಕೆಲಸಗಾರರ ಮಾತಿದೆ. ಆದರೆ ಅಧಿನಿಯಮದ ಒಡಲಿನಲ್ಲಿ ವಂಚನೆಯನ್ನು ಸಿದ್ಧಪಡಿಸಬೇಕಾದ ಅಗತ್ಯವಿರಲಿಲ್ಲ. ಸಕಾರಣವಿಲ್ಲದೆ ಬುದ್ಧಿಪೂರ್ವಕವಾಗಿ ಕೆಲಸಕ್ಕೆ ತಪ್ಪಿದರೆ ಸಾಕಾಗಿತ್ತು. ಮೂರು ನಗರಗಳಿಗಾಗಿ ಹುಟ್ಟಿದ ಈ ಕಾಯಿದೆ ಕ್ರಮೇಣ ತೋಟಗಳ ಪ್ರದೇಶಗಳಿಗೂ ಹಬ್ಬಿತು. ಕೊಡಗಿನ ಕಾಫಿ ತೋಟಗಳ ಕೂಲಿಗಳ ಚರಿತ್ರೆಯನ್ನು ಓದಿದವರಿಗೆ ಇದರ ಪರಿಚಯವಿರುತ್ತದೆ. ೧೯೨೫ರ ರದ್ದತಿ ಅಧಿನಿಯಮದಿಂದ ಇದು ಕೊನೆಗೊಂಡಿತು; ದಂಡಸಂಹಿತೆಯ ೪೯೦ ಮತ್ತು ೪೯೨ನೆಯ ಕಲಮುಗಳೂ ಅದರೊಡನೆಯೇ ಹೋದವು.

ಈ ವೃತ್ತಾಂತದಲ್ಲಿ ಮೂರು ಲಕ್ಷಣಗಳನ್ನು ಗಮನದಲ್ಲಿಡಬೇಕು. ಶಾಸನದ ಉದ್ದೇಶವು ಕಿರಿದು, ಅದರ ಮಾತುಗಳು ಹಿರಿದು. ಕರಾರಿನ ಷರತ್ತುಗಳನ್ನು ಬರೆಯುವವನು ಬಲವಂತನಾದ ಪಕ್ಷ. ಶಿಕ್ಷೆಯ ಭಯವು ಒಂದೇ ಪಕ್ಷದ ಮೇಲೆ. ಮುಂದೆ ಹೇಳಲಿರುವ ವೃತ್ತಾಂತದಲ್ಲಿಯೂ ಇವು ಮತ್ತೆ ಕಾಣಿಸಿಕೊಳ್ಳುತ್ತವೆ. ಎರಡರ ನಡುವೆ ಕಾರ್ಯಕಾರಣ ಸಂಬಂಧವಿದೆಯೆಂದು ನಾವು ಹೇಳುತ್ತಿಲ್ಲ. ಒಂದೇ ಬಗೆಯ ಸಮಸ್ಯೆಯ ಎರಡು ನಿದರ್ಶನಗಳೆಂದಷ್ಟೇ ನಮ್ಮ ಅಭಿಪ್ರಾಯ.

೨. ೧೯೮೪ ಮತ್ತು ೧೯೮೬ರ ಶಾಸನಗಳು

೧೯೮೩ರಲ್ಲಿ ಅಮೆರಿಕದಲ್ಲಿ ಎರಡು ಸಂಗತಿಗಳು ಜನರ ಗಮನವನ್ನು ಸೆಳೆದವು. ಮೊದಲನೆಯದು 'ವಾರ್‌ಗೇಮ್ಸ್' ಎಂಬ ಚಲನಚಿತ್ರ. ಮನೆಯಲ್ಲಿ ಕುಳಿತ ಹುಡುಗನೊಬ್ಬನು ದೂರವಾಣಿಯ ಮೂಲಕ ಸೈನ್ಯದ ಕಂಪ್ಯೂಟರನ್ನು ಹೊಕ್ಕು, ಅರಿಯದೆಯೇ ಅಣುಯುದ್ಧದ ಅಂಚಿಗೆ ದೇಶವನ್ನೊಯ್ಯುವ ಕಥೆ ಅದರದು. ಅಧ್ಯಕ್ಷ ರೇಗನ್ ಅವರೂ ಅದನ್ನು ನೋಡಿ, ಇಂತಹುದು ನಿಜವಾಗಿ ನಡೆಯಬಲ್ಲುದೆ ಎಂದು ತಮ್ಮ ಸೇನಾಧಿಕಾರಿಗಳನ್ನು ವಿಚಾರಿಸಿದರು. ಎರಡನೆಯದು ಮಿಲ್ವಾಕೀ ನಗರದ ತರುಣರ ಗುಂಪೊಂದರ ಸಾಹಸ. ತಮ್ಮ ಊರಿನ ದೂರವಾಣಿ ಸಂಕೇತವಾದ ೪೧೪ನ್ನೇ ಹೆಸರಾಗಿಟ್ಟುಕೊಂಡಿದ್ದ ಇವರು ಲಾಸ್ ಅಲಮೋಸ್ ಪ್ರಯೋಗಾಲಯ, ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಕ್ಯಾನ್ಸರ್ ಕೇಂದ್ರ ಮುಂತಾದೆಡೆಗಳ ಕಂಪ್ಯೂಟರುಗಳನ್ನು ಪ್ರವೇಶಿಸಿದ್ದರು.

ತತ್ಫಲವಾಗಿ ೧೯೮೪ರ ಸಮಗ್ರ ಅಪರಾಧ ನಿಯಂತ್ರಣ ಅಧಿನಿಯಮದಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ ಕಲಮೊಂದು ಸೇರಿತು. ಅದರ ವ್ಯಾಪ್ತಿ ಮಿತವಾಗಿತ್ತು: ರಾಷ್ಟ್ರರಕ್ಷಣೆಯ ರಹಸ್ಯಗಳು, ಬ್ಯಾಂಕುಗಳ ಮತ್ತು ಸಾಲದ ಮಾಹಿತಿಯ ಸಂಸ್ಥೆಗಳ ದಾಖಲೆಗಳು, ಸರ್ಕಾರದ ಕಂಪ್ಯೂಟರುಗಳು, ಇಷ್ಟೇ. ೧೯೮೬ರಲ್ಲಿ ಅದನ್ನು ವಿಸ್ತರಿಸಿ ಕಂಪ್ಯೂಟರ್ ವಂಚನೆ ಮತ್ತು ದುರ್ಬಳಕೆಯ ಅಧಿನಿಯಮವನ್ನು ರಚಿಸಲಾಯಿತು. ಈಚಿನ ವಿವಾದಗಳೆಲ್ಲವೂ ಈ ಅಧಿನಿಯಮದ ಎರಡು ಪದಪುಂಜಗಳನ್ನು ಸುತ್ತುತ್ತವೆ: 'ಅನುಮತಿಯಿಲ್ಲದೆ' ಪ್ರವೇಶಿಸುವುದು, ಮತ್ತು 'ಅನುಮತಿಸಿದ ಪ್ರವೇಶವನ್ನು ಮೀರುವುದು'. ಮೊದಲನೆಯದಕ್ಕೆ ಶಾಸನವು ಅರ್ಥವನ್ನೇ ಹೇಳಲಿಲ್ಲ. ಎರಡನೆಯದಕ್ಕೆ ಹೇಳಿದ ಅರ್ಥದ ಸಾರಾಂಶ ಇದು: ಅನುಮತಿಯೊಡನೆ ಕಂಪ್ಯೂಟರನ್ನು ಪ್ರವೇಶಿಸಿ, ಆ ಪ್ರವೇಶವನ್ನು ಬಳಸಿ, ಹಾಗೆ ಪಡೆಯಲು ಅಥವಾ ಬದಲಿಸಲು ತನಗೆ ಹಕ್ಕಿಲ್ಲದ ಮಾಹಿತಿಯನ್ನು ಪಡೆಯುವುದು ಅಥವಾ ಬದಲಿಸುವುದು. ಇಲ್ಲಿಯ 'ಹಾಗೆ' ಎಂಬ ಪುಟ್ಟ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಇನ್ನೊಂದು ಬದಲಾವಣೆಯೂ ಗಮನಾರ್ಹವಾದುದು. ೧೯೮೪ರ ಪಾಠದಲ್ಲಿ, ಪ್ರವೇಶಕ್ಕೆ ಅನುಮತಿಯಿದ್ದವನು ಆ ಅವಕಾಶವನ್ನು ಅನುಮತಿಗೆ ಹೊರತಾದ 'ಉದ್ದೇಶ'ಗಳಿಗೆ ಬಳಸುವುದೂ ಅಪರಾಧವೆಂದಿತ್ತು. ೧೯೮೬ರಲ್ಲಿ 'ಉದ್ದೇಶ' ಎಂಬ ಮಾತನ್ನು ತೆಗೆದುಹಾಕಿದರು. ಈ ತಿದ್ದುಪಡಿಯ ಮಹತ್ತ್ವವು ಬೆಳಕಿಗೆ ಬರಲು ೩೫ ವರ್ಷಗಳು ಬೇಕಾದವು.

೩. ಅರ್ಥದ ವಿಸ್ತಾರ

ಶಾಸನದ ವ್ಯಾಪ್ತಿ ಎರಡು ಕಡೆಗಳಿಂದ ಬೆಳೆಯಿತು. ಒಂದು ಕಡೆ ಕಾಂಗ್ರೆಸ್ಸು, ಎಂದರೆ ಅಮೆರಿಕದ ಸಂಸತ್ತು, ತಿದ್ದುಪಡಿಗಳಿಂದ ಅದನ್ನು ಹಿಗ್ಗಿಸಿತು. ೧೯೯೪ರಲ್ಲಿ ನಷ್ಟ ಹೊಂದಿದವರು ಸಿವಿಲ್ ದಾವೆ ಹೂಡುವ ಹಕ್ಕನ್ನು ಪಡೆದರು. ೧೯೯೬ರಲ್ಲಿ 'ರಕ್ಷಿತ ಕಂಪ್ಯೂಟರ್' ಎಂಬ ಹೊಸ ಪರಿಭಾಷೆ ಬಂದು, ಅಂತರರಾಜ್ಯ ವಾಣಿಜ್ಯಕ್ಕೆ ಬಳಕೆಯಾಗುವ ಯಂತ್ರಗಳೆಲ್ಲವೂ ಅದರೊಳಗೆ ಸೇರಿದವು. ಅಂತರಜಾಲಕ್ಕೆ ಜೋಡಿಸಿದ ಪ್ರತಿಯೊಂದು ಕಂಪ್ಯೂಟರೂ ಹೀಗೆ ರಕ್ಷಿತವಾಯಿತು. ಆ ದಿನಗಳಲ್ಲಿ ಅಂತರಜಾಲವು ಮನೆಮನೆಗೆ ಬರುತ್ತಿತ್ತೆಂಬುದನ್ನು ನೆನೆದರೆ ಈ ಬದಲಾವಣೆಯ ಪರಿಣಾಮವು ತಿಳಿಯುತ್ತದೆ.

ಮತ್ತೊಂದು ಕಡೆ ನ್ಯಾಯಾಲಯಗಳು 'ಅನುಮತಿ' ಎಂಬ ಮಾತಿಗೆ ಹೊಸ ಅರ್ಥಗಳನ್ನು ಕೊಟ್ಟವು. ಇವುಗಳಲ್ಲಿ ಮುಖ್ಯವಾದವು ವ್ಯಾಪಾರಸಂಸ್ಥೆಗಳ ನಡುವಣ ಸಿವಿಲ್ ವ್ಯಾಜ್ಯಗಳಾಗಿದ್ದವು. ವಿದ್ಯಾರ್ಥಿಗಳ ಪ್ರವಾಸಗಳನ್ನು ಏರ್ಪಡಿಸುವ ಎರಡು ಸಂಸ್ಥೆಗಳ ಮೊಕದ್ದಮೆಯಲ್ಲಿ, ಪ್ರತಿಸ್ಪರ್ಧಿಯ ಜಾಲತಾಣದಿಂದ ದರಗಳನ್ನು ಯಂತ್ರದ ಮೂಲಕ ಸಂಗ್ರಹಿಸಿದುದನ್ನು ೨೦೦೧ರಲ್ಲಿ ಮೊದಲನೆಯ ಸರ್ಕಿಟ್ ನ್ಯಾಯಾಲಯವು ತಡೆಯಿತು. (ಅಮೆರಿಕದ ಕೇಂದ್ರ ಅಪೀಲು ನ್ಯಾಯಾಲಯಗಳು ಪ್ರಾದೇಶಿಕವಾಗಿ 'ಸರ್ಕಿಟ್'ಗಳೆಂಬ ವಿಭಾಗಗಳಾಗಿವೆ.) ಅದೇ ವಿವಾದದ ಮುಂದಿನ ಭಾಗವಾಗಿ ೨೦೦೩ರಲ್ಲಿ ಬಂದ ತೀರ್ಪು ಇನ್ನೂ ಮುಂದಕ್ಕೆ ಹೋಗಿ, ಜಾಲತಾಣದ ಒಡೆಯನು ನಿಷೇಧವನ್ನು ತಾಣದಲ್ಲಿ ಸ್ಪಷ್ಟವಾಗಿ ಬರೆದಿಟ್ಟರೆ ಅನುಮತಿಯಿಲ್ಲವೆಂದು ಸಿದ್ಧವಾಗಬಹುದು ಎಂದಿತು. ೨೦೦೬ರಲ್ಲಿ ಏಳನೆಯ ಸರ್ಕಿಟ್ಟಿನ ನ್ಯಾಯಾಧೀಶ ಪೋಸ್ನರ್ ಅವರು, ಯಜಮಾನನಿಗೆ ದ್ರೋಹ ಬಗೆದ ಕ್ಷಣದಲ್ಲಿಯೇ ನೌಕರನ ಅನುಮತಿಯು ಇಲ್ಲವಾಗುತ್ತದೆ ಎಂದು ತೀರ್ಮಾನಿಸಿದರು.

ಸಿವಿಲ್ ದಾವೆಯಲ್ಲಿ ಇಂತಹ ಉದಾರವಾದ ಅರ್ಥವಿವರಣೆಯಿಂದ ಆಗುವ ಕೇಡು ಹೆಚ್ಚಿನದಲ್ಲವೆಂದು ತೋರಬಹುದು. ಹಣದ ಪರಿಹಾರವಷ್ಟೇ ಅಲ್ಲಿಯ ಮಾತು. ಆದರೆ ಸಿವಿಲ್ ದಾವೆಗೂ ದಂಡನೆಗೂ ಇಲ್ಲಿ ಆಧಾರವಾಗಿದ್ದುದು ಒಂದೇ ಕಲಮು, ಒಂದೇ ಮಾತು. ವರ್ತಕರ ವ್ಯಾಜ್ಯದಲ್ಲಿ ಹಿಗ್ಗಿದ ಪದವು ಸೆರೆಮನೆಯ ಬಾಗಿಲನ್ನೂ ಅಷ್ಟೇ ಅಗಲವಾಗಿ ತೆರೆಯುತ್ತಿತ್ತು. ಈ ಅಪಾಯವನ್ನು ಮೊದಲೇ ಗುರುತಿಸಿದವರಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಆರಿನ್ ಕೆರ್ ಅವರು ಪ್ರಮುಖರು. ಪಾಸ್‌ವರ್ಡಿನಂತಹ ತಾಂತ್ರಿಕ ತಡೆಯನ್ನು ಭೇದಿಸಿದರೆ ಮಾತ್ರ ಅಪರಾಧವಾಗಬೇಕು, ಕರಾರನ್ನು ಮೀರಿದುದಕ್ಕೆ ದಂಡನೆ ಕೂಡದು ಎಂದು ಅವರು ೨೦೦೩ರಲ್ಲಿಯೇ ವಾದಿಸಿದ್ದರು.

೪. ಮೈಸ್ಪೇಸ್ ಮೊಕದ್ದಮೆ

ಪುಸ್ತಕದ ಪ್ರಶ್ನೆಯಾಗಿದ್ದುದು ೨೦೦೮ರಲ್ಲಿ ಪಂಚರ ಮುಂದಿನ ಪ್ರಶ್ನೆಯಾಯಿತು. ೨೦೦೬ರಲ್ಲಿ ಮಿಸ್ಸೂರಿ ರಾಜ್ಯದ ಸಣ್ಣ ಊರೊಂದರಲ್ಲಿ, ೧೬ ವರ್ಷದ ಹುಡುಗನೊಬ್ಬನ ಕಲ್ಪಿತ ಹೆಸರಿನಲ್ಲಿ ಮೈಸ್ಪೇಸ್ ಎಂಬ ಜಾಲತಾಣದಲ್ಲಿ ಖಾತೆ ತೆರೆದು, ೧೩ ವರ್ಷದ ಬಾಲಕಿಯೊಬ್ಬಳೊಡನೆ ಸ್ನೇಹ ಬೆಳೆಸಿ ಕೊನೆಗೆ ಅವಳನ್ನು ನೋಯಿಸಲಾಯಿತು. ಬಾಲಕಿಯು ಪ್ರಾಣ ಕಳೆದುಕೊಂಡಳು. ಆರೋಪಕ್ಕೆ ಗುರಿಯಾದವರು ನೆರೆಯ ಮನೆಯ ವಯಸ್ಕ ಮಹಿಳೆ. ಜನರ ಕೋಪವು ಸಹಜವಾಗಿಯೇ ಉರಿಯಿತು. ಆದರೆ ಮಿಸ್ಸೂರಿಯ ಅಧಿಕಾರಿಗಳಿಗೆ ಈ ಕೃತ್ಯಕ್ಕೆ ಅನ್ವಯಿಸುವ ರಾಜ್ಯಶಾಸನವು ದೊರೆಯಲಿಲ್ಲ.

ಆಗ ದೂರದ ಲಾಸ್ ಏಂಜಲೀಸಿನ ಕೇಂದ್ರ ಸರ್ಕಾರದ ವಕೀಲರು ಮುಂದೆ ಬಂದರು. ಮೈಸ್ಪೇಸಿನ ಸರ್ವರುಗಳು ಅವರ ಪ್ರಾಂತದಲ್ಲಿದ್ದವು. ಅವರ ವಾದದ ಸರಣಿ ಹೀಗಿತ್ತು: ಸದಸ್ಯರು ತಮ್ಮನ್ನು ಕುರಿತು ಸತ್ಯವಾದ ವಿವರಗಳನ್ನೇ ಕೊಡಬೇಕೆಂಬುದು ತಾಣದ ಷರತ್ತು, ಸುಳ್ಳು ವಿವರ ಕೊಟ್ಟವರಿಗೆ ತಾಣವನ್ನು ಪ್ರವೇಶಿಸಲು ಅನುಮತಿಯಿಲ್ಲ, ಅನುಮತಿಯಿಲ್ಲದ ಪ್ರವೇಶವು ೧೯೮೬ರ ಅಧಿನಿಯಮದಂತೆ ಅಪರಾಧ. ೨೦೦೮ರ ನವೆಂಬರಿನಲ್ಲಿ ಪಂಚರು ಘೋರಾಪರಾಧದ ಆರೋಪಗಳನ್ನು ಒಪ್ಪದೆ, ಷರತ್ತಿನ ಉಲ್ಲಂಘನೆಯನ್ನೇ ಆಧರಿಸಿದ ಮೂರು ಲಘು ಅಪರಾಧಗಳಲ್ಲಿ ಆಕೆಯನ್ನು ತಪ್ಪಿತಸ್ಥೆಯೆಂದರು.

೨೦೦೯ರಲ್ಲಿ ನ್ಯಾಯಾಧೀಶ ಜಾರ್ಜ್ ವೂ ಅವರು ಈ ನಿರ್ಣಯವನ್ನು ರದ್ದುಮಾಡಿದರು. ಷರತ್ತನ್ನು ಬುದ್ಧಿಪೂರ್ವಕವಾಗಿ ಮೀರುವುದೇ ಅಪರಾಧವೆಂದಾದರೆ, ಯಾವ ಷರತ್ತು, ಎಷ್ಟರ ಮಟ್ಟಿಗೆ ಎಂಬುದು ಸಾಮಾನ್ಯನಿಗೆ ತಿಳಿಯದು. ಯಾರ ಮೇಲೆ ಮೊಕದ್ದಮೆ ಹೂಡಬೇಕೆಂಬುದಕ್ಕೆ ಪೋಲೀಸರಿಗೂ ಮಾರ್ಗದರ್ಶನವಿರದು. ಅಪರಾಧದ ಲಕ್ಷಣವನ್ನು ಹೇಳುವವನು ತಾಣದ ಒಡೆಯನೇ ಆಗುತ್ತಾನೆ. ಆದುದರಿಂದ ಈ ಅರ್ಥದಲ್ಲಿ ಶಾಸನವು ಅಸ್ಪಷ್ಟತೆಯ ದೋಷದಿಂದ ಅಸಿಂಧುವಾಗುವುದೆಂಬುದು ಅವರ ಮತ. ಎತ್ತರವನ್ನೋ ವಯಸ್ಸನ್ನೋ ತಪ್ಪಾಗಿ ಬರೆದುಕೊಂಡ ಒಂಟಿ ಜೀವಿಯೂ ಈ ವಾದದಂತೆ ಅಪರಾಧಿಯಾಗುವನೆಂದು ಅವರು ತೋರಿಸಿದರು.

ಇಲ್ಲಿ ಚರಿತ್ರಕಾರನು ಒಂದು ಮಾತನ್ನು ಹೇಳಲೇಬೇಕು. ಕೃತ್ಯವು ಕ್ರೂರವಾದುದೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಬಾಲಕಿಯ ತಂದೆತಾಯಿಗಳ ದುಃಖವನ್ನು ಯಾವ ನ್ಯಾಯತತ್ತ್ವವೂ ಕಡಮೆ ಮಾಡಲಾರದು. ಆದರೆ ಆರೋಪವನ್ನು ಹೊರಿಸಿದುದು ಕ್ರೌರ್ಯಕ್ಕಾಗಿ ಅಲ್ಲ, ಮೈಸ್ಪೇಸ್ ಸಂಸ್ಥೆಯ ಷರತ್ತನ್ನು ಮೀರಿದುದಕ್ಕಾಗಿ. ಸರಿಯಾದ ದಾರಿಯನ್ನು ಮಿಸ್ಸೂರಿಯೇ ಹಿಡಿಯಿತು: ೨೦೦೮ರಲ್ಲಿ ಅಲ್ಲಿಯ ಶಾಸನಸಭೆಯು ಕಿರುಕುಳವನ್ನು ಕುರಿತ ತನ್ನ ಕಾಯಿದೆಯನ್ನು ತಿದ್ದಿ, ಅಂತರಜಾಲದ ಮೂಲಕ ನಡೆಸುವ ಕಿರುಕುಳವನ್ನು ಅದರೊಳಗೆ ತಂದಿತು.

೫. ಎರಡು ಮತಗಳು

ಮುಂದಿನ ದಶಕದಲ್ಲಿ ಅಪೀಲು ನ್ಯಾಯಾಲಯಗಳು ಎರಡು ಪಂಗಡಗಳಾದವು. ಸಾಮಾಜಿಕ ಭದ್ರತಾ ಇಲಾಖೆಯ ನೌಕರನೊಬ್ಬನು ಕಚೇರಿಯ ಕಡತಗಳಲ್ಲಿ ತನಗೆ ಪರಿಚಯವಿದ್ದ ಸ್ತ್ರೀಯರ ವಿವರಗಳನ್ನು ಹುಡುಕಿದುದನ್ನು ೨೦೧೦ರಲ್ಲಿ ಹನ್ನೊಂದನೆಯ ಸರ್ಕಿಟ್ ಅಪರಾಧವೆಂದಿತು. ಇಲಾಖೆಯ ನಿಯಮವು ಅದನ್ನು ನಿಷೇಧಿಸಿದ್ದುದೇ ಅದಕ್ಕೆ ಸಾಕಾಯಿತು. ಇದಕ್ಕೆ ಪ್ರತಿಯಾಗಿ ೨೦೧೨ರ ನೋಸಲ್ ಮೊಕದ್ದಮೆಯಲ್ಲಿ ಒಂಬತ್ತನೆಯ ಸರ್ಕಿಟ್ಟಿನ ವಿಸ್ತೃತ ಪೀಠವು, ಶಾಸನವು ತಡೆಯುವುದು ಪ್ರವೇಶವನ್ನೇ ಹೊರತು ಬಳಕೆಯನ್ನಲ್ಲ ಎಂದಿತು. ನ್ಯಾಯಾಧೀಶ ಕೊಜಿನ್ಸ್ಕಿ ಅವರು ಕೊಟ್ಟ ನಿದರ್ಶನವೊಂದು ಬೋಧಪ್ರದವಾದುದು. ಗೂಗಲ್ ಸಂಸ್ಥೆಯ ಷರತ್ತುಗಳು ೨೦೧೨ರ ಮಾರ್ಚಿ ೧ರವರೆಗೆ ಅಪ್ರಾಪ್ತವಯಸ್ಕರು ಅದನ್ನು ಬಳಸುವುದನ್ನು ನಿಷೇಧಿಸಿದ್ದವು. ಷರತ್ತೇ ಶಾಸನವಾದರೆ, ಶಾಲೆಯ ಪಾಠಕ್ಕಾಗಿ ಅದರಲ್ಲಿ ಹುಡುಕಿದ ಮಕ್ಕಳೆಲ್ಲರೂ ಅಪರಾಧಿಗಳಾಗುತ್ತಿದ್ದರು. ಸಂಸ್ಥೆಯು ಷರತ್ತನ್ನು ಬದಲಿಸಿದ ಮರುದಿನ ಅವರೇ ನಿರಪರಾಧಿಗಳಾಗುತ್ತಿದ್ದರು.

ಇದೇ ಕಾಲದಲ್ಲಿ ವಿದ್ವಾಂಸರ ಬಳಗವನ್ನು ಕಲಕಿದ ದುರಂತವೊಂದು ನಡೆಯಿತು. ಆರನ್ ಸ್ವಾರ್ಟ್ಸ್ ಎಂಬ ತರುಣನು ೨೦೧೦ರ ಸೆಪ್ಟೆಂಬರಿನಿಂದ ೨೦೧೧ರ ಜನವರಿಯವರೆಗೆ, ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಜಾಲದ ಮೂಲಕ, ನಮ್ಮ ವಾಚಕರೂ ಬಲ್ಲ ಜೆಸ್ಟೋರ್ ಭಂಡಾರದಿಂದ ನಲವತ್ತು ಲಕ್ಷಕ್ಕೂ ಹೆಚ್ಚಿನ ವಿದ್ವತ್‌ಲೇಖನಗಳನ್ನು ಇಳಿಸಿಕೊಂಡನೆಂಬುದು ಆರೋಪ. ಇದು ಷರತ್ತಿನ ಉಲ್ಲಂಘನೆ ಮಾತ್ರವಾಗಿರಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಬೇಕು. ತನಗೆ ಹಾಕಿದ ತಡೆಗಳನ್ನು ಅವನು ತಪ್ಪಿಸಿಕೊಂಡನೆಂದೂ ಸರ್ಕಾರ ಹೇಳಿತು. ಆದರೂ ಶಿಕ್ಷೆಯ ಪ್ರಮಾಣವು ಯಾರನ್ನಾದರೂ ಬೆಚ್ಚಿಬೀಳಿಸುವಂತಹುದು. ಜೆಸ್ಟೋರ್ ಸಂಸ್ಥೆಯು ಅವನೊಡನೆ ರಾಜಿಮಾಡಿಕೊಂಡ ಮೇಲೆಯೂ, ೩೫ ವರ್ಷಗಳವರೆಗೆ ಸೆರೆ ಮತ್ತು ೧೦ ಲಕ್ಷ ಡಾಲರುಗಳವರೆಗೆ ದಂಡವಾಗಬಹುದೆಂದು ಸರ್ಕಾರದ ವಕೀಲರು ೨೦೧೧ರ ಜುಲೈನಲ್ಲಿ ಪ್ರಕಟಿಸಿದರು. ೨೦೧೨ರಲ್ಲಿ ಆರೋಪಗಳ ಸಂಖ್ಯೆ ನಾಲ್ಕರಿಂದ ಹದಿಮೂರಕ್ಕೇರಿತು. ವಿಚಾರಣೆಗೆ ಮೊದಲೇ, ೨೦೧೩ರ ಜನವರಿ ೧೧ರಂದು, ೨೬ನೆಯ ವಯಸ್ಸಿನಲ್ಲಿ ಅವನು ತನ್ನ ಜೀವವನ್ನು ತಾನೇ ಕಳೆದುಕೊಂಡನು. ಷರತ್ತಿನ ಉಲ್ಲಂಘನೆಯನ್ನು ಅಪರಾಧಗಳ ಪಟ್ಟಿಯಿಂದ ತೆಗೆಯುವ ಮಸೂದೆಯೊಂದು ಅದೇ ವರ್ಷ ಅವನ ಹೆಸರಿನಿಂದಲೇ ಕಾಂಗ್ರೆಸ್ಸಿನ ಮುಂದೆ ಬಂದಿತು; ಆದರೆ ಅಂಗೀಕಾರವಾಗಲಿಲ್ಲ.

೬. 'ಹಾಗೆ' ಎಂಬ ಮಾತಿನ ನಿರ್ಣಯ

ಶಾಸನಸಭೆಯು ಮಾಡದ ಕೆಲಸವು ಸರ್ವೋಚ್ಚ ನ್ಯಾಯಾಲಯದ ಪಾಲಿಗೆ ಬಂದಿತು. ಜಾರ್ಜಿಯ ರಾಜ್ಯದ ಪೋಲೀಸ್ ಸಾರ್ಜೆಂಟನೊಬ್ಬನು ಹಣದ ಆಸೆಗೆ ಇಲಾಖೆಯ ದಾಖಲೆಯಲ್ಲಿ ವಾಹನವೊಂದರ ಸಂಖ್ಯೆಯನ್ನು ಹುಡುಕಿಕೊಟ್ಟಿದ್ದನು. ದಾಖಲೆಯನ್ನು ನೋಡಲು ಅವನಿಗೆ ಅಧಿಕಾರವಿತ್ತು. ಸ್ವಂತ ಕಾರ್ಯಕ್ಕೆ ನೋಡಕೂಡದೆಂಬುದು ಇಲಾಖೆಯ ನಿಯಮ. ಇದೇ ವ್ಯಾನ್ ಬ್ಯೂರೆನ್ ಮೊಕದ್ದಮೆ. 'ಹಾಗೆ ಪಡೆಯಲು ಹಕ್ಕಿಲ್ಲದ' ಎಂಬಲ್ಲಿಯ 'ಹಾಗೆ' ಎಂದರೆ 'ಅಂತಹ ಸಂದರ್ಭದಲ್ಲಿ, ಅಂತಹ ಉದ್ದೇಶಕ್ಕೆ' ಎಂದು ಸರ್ಕಾರವು ವಾದಿಸಿತು. ಇಲ್ಲ, 'ಹಿಂದೆ ಹೇಳಿದಂತೆ ಕಂಪ್ಯೂಟರನ್ನು ಪ್ರವೇಶಿಸುವ ಮೂಲಕ' ಎಂದಷ್ಟೇ ಅರ್ಥ ಎಂಬುದು ಪ್ರತಿವಾದ.

೨೦೨೧ರ ಜೂನ್ ೩ರಂದು ನ್ಯಾಯಾಲಯವು ಆರು-ಮೂರರ ಬಹುಮತದಿಂದ ಎರಡನೆಯ ಅರ್ಥವನ್ನೇ ಎತ್ತಿಹಿಡಿಯಿತು. ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಬ್ಯಾರೆಟ್ ಅವರು ೧೯೮೬ರಲ್ಲಿ 'ಉದ್ದೇಶ'ವೆಂಬ ಮಾತನ್ನು ಕೈಬಿಟ್ಟುದನ್ನು ಉಲ್ಲೇಖಿಸಿ, ಪ್ರಶ್ನೆಯನ್ನು ಬಾಗಿಲಿಗೆ ಹೋಲಿಸಿದರು: ಬಾಗಿಲು ತೆರೆದಿತ್ತೆ, ಮುಚ್ಚಿತ್ತೆ ಎಂಬುದನ್ನು ನೋಡಬೇಕೇ ಹೊರತು, ಒಳಗೆ ಹೋದವನ ಮನಸ್ಸಿನಲ್ಲಿ ಏನಿತ್ತೆಂಬುದನ್ನಲ್ಲ. ಸರ್ಕಾರದ ಅರ್ಥವನ್ನು ಒಪ್ಪಿದರೆ ಕಚೇರಿಯ ಯಂತ್ರದಲ್ಲಿ ವೃತ್ತಪತ್ರಿಕೆ ಓದಿದವನೂ ಅಪರಾಧಿಯಾಗುವನು. ಭಿನ್ನಮತದ ನ್ಯಾಯಮೂರ್ತಿ ಥಾಮಸ್ ಅವರ ವಾದವೂ ಹಗುರವಾದುದಲ್ಲ. ಕಾರನ್ನು ನಿಲ್ಲಿಸಲೆಂದು ಕೀಲಿಕೈ ಪಡೆದ ಸೇವಕನು ಅದರಲ್ಲಿ ವಿಹಾರ ಹೊರಟರೆ ಸುಮ್ಮನಿರಲಾದೀತೆ ಎಂಬುದು ಅವರ ಪ್ರಶ್ನೆ. ಆದರೆ ಕಾರಿನ ಮಾಲೀಕನಿಗೂ ಸೇವಕನಿಗೂ ನಡುವಣ ಕರಾರು ಒಂದೇ ಸಾಲಿನದು, ಇಬ್ಬರಿಗೂ ತಿಳಿದದ್ದು. ಜಾಲತಾಣದ ಷರತ್ತುಗಳಿಗೆ ಈ ಹೋಲಿಕೆಯು ಪೂರ್ಣವಾಗಿ ಹೊಂದದೆಂದು ನಮಗೆ ತೋರುತ್ತದೆ.

ಇದಕ್ಕೆ ಒಂದು ವರ್ಷ ಮೊದಲೇ, ೨೦೨೦ರ ಮಾರ್ಚಿಯಲ್ಲಿ, ಸಂಶೋಧಕರಿಗೆ ನೇರವಾಗಿ ಸಂಬಂಧಿಸಿದ ತೀರ್ಪೊಂದು ಬಂದಿತ್ತು. ಉದ್ಯೋಗದ ಜಾಲತಾಣಗಳು ವರ್ಣಭೇದ, ಲಿಂಗಭೇದ ಮಾಡುತ್ತವೆಯೇ ಎಂಬುದನ್ನು ಕಲ್ಪಿತ ಖಾತೆಗಳ ಮೂಲಕ ಪರೀಕ್ಷಿಸಲು ಕೆಲವು ಪ್ರಾಧ್ಯಾಪಕರು ಬಯಸಿದ್ದರು. ಷರತ್ತುಗಳು ಇದನ್ನು ನಿಷೇಧಿಸಿದ್ದುದರಿಂದ ಮೊದಲೇ ನ್ಯಾಯಾಲಯದ ಮೊರೆಹೊಕ್ಕರು. ಷರತ್ತಿನ ಉಲ್ಲಂಘನೆ ಮಾತ್ರವೇ ಅಪರಾಧವಾಗದೆಂದೂ, ಹಾಗಾದಲ್ಲಿ ಒಂದೊಂದು ತಾಣದ ಒಡೆಯನೂ ಒಬ್ಬೊಬ್ಬ ಶಾಸನಕರ್ತನಾಗುವನೆಂದೂ ನ್ಯಾಯಾಧೀಶ ಬೇಟ್ಸ್ ಅವರು ಅಭಿಪ್ರಾಯಪಟ್ಟರು. ೨೦೨೨ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು, ಷರತ್ತಿನ ಉಲ್ಲಂಘನೆಯೊಂದನ್ನೇ ಆಧರಿಸಿ ಮೊಕದ್ದಮೆ ಹೂಡುವುದಿಲ್ಲವೆಂಬ ನೀತಿಯನ್ನು ಪ್ರಕಟಿಸಿತು.

೭. ನಮ್ಮ ದೇಶದ ಸ್ಥಿತಿ

ಭಾರತದ ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೪೩ನೆಯ ಕಲಮಿನಲ್ಲಿಯೂ 'ಅನುಮತಿ'ಯೇ ಕೀಲಕ ಪದ. ಕಂಪ್ಯೂಟರಿನ ಒಡೆಯನ ಅಥವಾ ಅದರ ಹೊಣೆ ಹೊತ್ತವನ ಅನುಮತಿಯಿಲ್ಲದೆ ಅದನ್ನು ಪ್ರವೇಶಿಸಿದರೆ, ಮಾಹಿತಿಯನ್ನು ನಕಲು ಮಾಡಿಕೊಂಡರೆ, ಪರಿಹಾರ ಕೊಡಬೇಕು. ೨೦೦೮ರ ತಿದ್ದುಪಡಿಯು ೬೬ನೆಯ ಕಲಮನ್ನು ಬದಲಿಸಿ, ಇದೇ ಕೃತ್ಯಗಳನ್ನು 'ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ' ಮಾಡಿದರೆ ಮೂರು ವರ್ಷಗಳವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಷರತ್ತುಗಳು ಅನುಮತಿಯನ್ನು ಎಷ್ಟರ ಮಟ್ಟಿಗೆ ಕುಗ್ಗಿಸಬಲ್ಲವೆಂಬುದನ್ನು ನಮ್ಮ ಶಾಸನವೂ ಹೇಳುವುದಿಲ್ಲ. ಆದರೆ ದಂಡನೆಗೆ ಅಪ್ರಾಮಾಣಿಕತೆ ಅಥವಾ ವಂಚನೆ ಇರಲೇಬೇಕೆಂಬ ನಿಯಮವು, ಸಿವಿಲ್ ಹೊಣೆಗೂ ಅಪರಾಧಕ್ಕೂ ನಡುವೆ ಒಂದು ಗೋಡೆಯಾಗಿ ನಿಂತಿದೆ. ೧೮೫೯ರ ಅಧಿನಿಯಮವು ಪೀಠಿಕೆಯಲ್ಲಿ ಮಾತ್ರ ಹೇಳಿ ಒಡಲಿನಲ್ಲಿ ಬಿಟ್ಟದ್ದು ಈ ವಂಚನೆಯ ಲಕ್ಷಣವನ್ನೇ ಎಂಬುದನ್ನು ನೆನೆದರೆ, ಈ ಎರಡು ಪದಗಳ ಬೆಲೆ ಎಷ್ಟೆಂಬುದು ಮನದಟ್ಟಾಗುತ್ತದೆ.

೮. ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಹೊರಗಿನಿಂದ ನುಗ್ಗುವವರನ್ನು ತಡೆಯಲು ಹುಟ್ಟಿದ ಶಾಸನವು, ತನ್ನ ಮಾತುಗಳ ಸಡಿಲತೆಯಿಂದ, ಬಾಗಿಲಿನಿಂದಲೇ ಒಳಗೆ ಬಂದವರನ್ನೂ ಹಿಡಿಯತೊಡಗಿತು. ಇದಕ್ಕೆ ಯಾರ ದುರುದ್ದೇಶವೂ ಕಾರಣವಾಗಿರಬೇಕಾಗಿಲ್ಲ. ಬಾಲಕಿಯ ಸಾವಿಗೆ ನ್ಯಾಯ ದೊರಕಿಸಬೇಕೆಂಬ ಒಳ್ಳೆಯ ಉದ್ದೇಶವೇ ಅತ್ಯಂತ ಅಪಾಯಕರವಾದ ವಾದಕ್ಕೆ ಎಡೆಮಾಡಿತು. ಎರಡನೆಯದು, ಈಗ ದೊರೆತಿರುವ ಪರಿಹಾರವು ಅಪೂರ್ಣವಾದುದು. ತೆರೆದ ಬಾಗಿಲು, ಮುಚ್ಚಿದ ಬಾಗಿಲು ಎಂಬ ಭೇದವನ್ನು ಹೇಳಿದ ಸರ್ವೋಚ್ಚ ನ್ಯಾಯಾಲಯವು, ಬಾಗಿಲನ್ನು ಮುಚ್ಚುವುದು ತಾಂತ್ರಿಕ ತಡೆಯಿಂದ ಮಾತ್ರ ಸಾಧ್ಯವೋ, ಬರೆದಿಟ್ಟ ಷರತ್ತಿನಿಂದಲೂ ಸಾಧ್ಯವೋ ಎಂಬುದನ್ನು ಆ ತೀರ್ಪಿನಲ್ಲಿ ನಿರ್ಣಯಿಸದೆಯೇ ಬಿಟ್ಟಿತು. ಇಲಾಖೆಯ ನೀತಿಯಾದರೋ ಇಲಾಖೆಯೇ ಹಿಂತೆಗೆದುಕೊಳ್ಳಬಹುದಾದುದು.

ಕೂಲಿಯ ಮುಂಗಡದ ಕರಾರನ್ನು ಸೆರೆಮನೆಯ ಭಯದಿಂದ ಬಿಡಿಸಲು ನಮ್ಮ ದೇಶದಲ್ಲಿ ೬೬ ವರ್ಷಗಳು ಹಿಡಿದವು. ಅದನ್ನು ಬಿಡಿಸಿದುದು ಶಾಸನಸಭೆಯೇ ಹೊರತು ನ್ಯಾಯಾಲಯವಲ್ಲ. ದಿನವೂ ಹತ್ತಾರು ಷರತ್ತುಗಳಿಗೆ ಸಮ್ಮತಿಯಿತ್ತು ಗ್ರಂಥಭಂಡಾರಗಳನ್ನೂ ಪತ್ರಾಗಾರಗಳನ್ನೂ ಜಾಲದ ಮೂಲಕ ಬಳಸುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಈ ಪ್ರಶ್ನೆ ಪರಕೀಯವಾದುದಲ್ಲ. ಷರತ್ತನ್ನು ಪಾಲಿಸುವುದು ಸಜ್ಜನಿಕೆ. ಮೀರಿದವನು ನಷ್ಟವನ್ನು ತುಂಬಿಕೊಡುವುದು ನ್ಯಾಯ. ಆದರೆ ಯಾವುದು ಅಪರಾಧವೆಂಬುದನ್ನು ಪ್ರಜೆಗಳ ಪ್ರತಿನಿಧಿಗಳು ಸ್ಪಷ್ಟವಾದ ಮಾತುಗಳಲ್ಲಿ ಹೇಳಬೇಕು. ಅದನ್ನು ಕರಾರಿನ ಬರಹಗಾರನಿಗೆ ಬಿಟ್ಟುಕೊಡಲಾಗದು. ಎರಡು ಶತಮಾನಗಳ ಈ ಎರಡು ವೃತ್ತಾಂತಗಳಿಂದ ನಾವು ಕಲಿಯಬಹುದಾದ ಪಾಠ ಇದು.